ಕಾಲು ಮೈಲಿ ಓಟದ ಮೊದಲ ಇಪ್ಪತ್ತು ಮೀಟರು

ಭೌತಶಾಸ್ತ್ರದ ಪಠ್ಯಪುಸ್ತಕಗಳಲ್ಲಿ ಒಂದು ಕಾರು ಸದಾ ಹೊರಡಲು ಸಿದ್ಧವಾಗಿ ನಿಂತಿರುತ್ತದೆ. ‘ನಿಶ್ಚಲ ಸ್ಥಿತಿಯಿಂದ ಹೊರಟ ಕಾರೊಂದು ಏಕರೀತಿಯ ವೇಗೋತ್ಕರ್ಷದಿಂದ ಚಲಿಸಿ...’ ಎಂದು ಆರಂಭವಾಗುವ ಲೆಕ್ಕಗಳನ್ನು ನೀವೂ ಮಾಡಿದ್ದೀರಿ, ಶಿಕ್ಷಕರಾಗಿದ್ದರೆ ಮಾಡಿಸಿದ್ದೀರಿ. ಚುರುಕಾದ ವಿದ್ಯಾರ್ಥಿಯೊಬ್ಬ ಎದ್ದು ನಿಂತು, ‘ಸಾರ್, ನಿಜವಾದ ಕಾರು ಹೀಗೆ ಓಡುತ್ತದೆಯೇ?’ ಎಂದು ಕೇಳಿದರೆ ಏನು ಹೇಳುತ್ತೀರಿ? ಮೊದಲ ಎರಡು-ನಾಲ್ಕು ಸೆಕೆಂಡು ಹೆಚ್ಚುಕಡಿಮೆ ಹಾಗೆಯೇ ಓಡಬಹುದು, ಆಮೇಲೆ ಓಡುವುದಿಲ್ಲ ಎಂಬುದೇ ಸರಿಯಾದ ಉತ್ತರ. ಏಕೆ ಹೀಗೆ ಎಂಬುದನ್ನು ತಿಳಿಯಲು ಡ್ರ್ಯಾಗ್ ರೇಸಿಗಿಂತ ಒಳ್ಳೆಯ ಪ್ರಯೋಗಶಾಲೆ ಸಿಗುವುದು ಕಷ್ಟ.

ಡ್ರ್ಯಾಗ್ ರೇಸ್ ಅಮೆರಿಕದ ಆಟ. ಇದರಲ್ಲಿ ತಿರುವುಗಳಿಲ್ಲ. ಎರಡು ಕಾರುಗಳು ಅಕ್ಕಪಕ್ಕ ನಿಂತು, ನೇರವಾದ ಪಥದಲ್ಲಿ ಕಾಲು ಮೈಲಿ, ಎಂದರೆ 402.3 ಮೀಟರ್ ಓಡುತ್ತವೆ. ಮೊದಲು ತಲುಪಿದವರು ಗೆದ್ದಂತೆ. ಕ್ಯಾಲಿಫೋರ್ನಿಯಾದ ಸಾಂಟಾ ಆನಾದಲ್ಲಿ 1950ರಲ್ಲಿ ವಿಮಾನದ ಓಡುದಾರಿಯ ಮೇಲೆ ಇದಕ್ಕೊಂದು ನಿಯತ ಪಥ ಆರಂಭವಾಯಿತು. ಮರುವರ್ಷ ವಾಲಿ ಪಾರ್ಕ್ಸ್ ಅವರು ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಸ್ಥಾಪಿಸಿದರು. ಬೀದಿಯಲ್ಲಿ ಪೈಪೋಟಿಗಿಳಿದು ಸಾಯುತ್ತಿದ್ದ ಹುಡುಗರನ್ನು ಕಟ್ಟುಪಾಡಿರುವ ಪಥಕ್ಕೆ ಕರೆತರುವುದು ಅದರ ಉದ್ದೇಶಗಳಲ್ಲಿ ಒಂದಾಗಿತ್ತು. ಇಂದಿಗೂ ಅಲ್ಲಿನ ಪಥಗಳಲ್ಲಿ ವಾರದ ದಿನ ಕಚೇರಿಗೆ ಓಡಿಸುವ ಕಾರನ್ನೇ ತಂದು ಓಡಿಸುವವರು ಬಹಳ ಮಂದಿ. ಈ ಲೇಖನದಲ್ಲಿ ನಾವು ನೋಡುವುದು ಅಂಥ ಕಾರನ್ನೇ. ಅದರಲ್ಲೂ ಟರ್ಬೊ ಅಳವಡಿಸಿದ ಕಾರನ್ನು. ಅದು ನಿಂತಲ್ಲಿಂದ ಚಿಮ್ಮಬೇಕಾದರೆ ಏನೇನು ಸಿದ್ಧತೆ ಬೇಕು, ಆ ಸಿದ್ಧತೆಯ ಹಿಂದೆ ಯಾವ ಭೌತಶಾಸ್ತ್ರವಿದೆ ಎಂಬುದು ನಮ್ಮ ವಿಷಯ.

ಒಂದು ಘನಮೂಲದ ನಿಯಮ

ಮೊದಲು ಒಂದು ಆದರ್ಶ ಕಾರನ್ನು ಕಲ್ಪಿಸಿಕೊಳ್ಳಿ. ಚಾಲಕನೂ ಸೇರಿ ಅದರ ರಾಶಿ 1,600 ಕಿಲೋಗ್ರಾಂ. ಚಕ್ರಗಳಿಗೆ ತಲುಪುವ ಸಾಮರ್ಥ್ಯ 200 ಕಿಲೋವಾಟ್. ಅದು ಓಟದುದ್ದಕ್ಕೂ ಬದಲಾಗುವುದಿಲ್ಲ ಎಂದು ಇಟ್ಟುಕೊಳ್ಳೋಣ. ಸದ್ಯಕ್ಕೆ ಗಾಳಿಯ ತಡೆ ಬೇಡ. ಸಾಮರ್ಥ್ಯವನ್ನು ಕಾಲದಿಂದ ಗುಣಿಸಿದರೆ ಶಕ್ತಿ, ಅದೆಲ್ಲ ಚಲನಶಕ್ತಿಯಾಗುತ್ತದೆ. ಆದ್ದರಿಂದ ವೇಗದ ವರ್ಗವು ಕಾಲಕ್ಕೆ ಅನುಪಾತೀಯ. ಇದನ್ನು ಅನುಕಲನ ಮಾಡಿದರೆ, ದೂರವನ್ನು ಕ್ರಮಿಸಲು ಬೇಕಾದ ಕಾಲದ ಘನವು ಹೀಗೆ ಬರುತ್ತದೆ:

ಕಾಲ³ = 9 × ರಾಶಿ × ದೂರ² ÷ (8 × ಸಾಮರ್ಥ್ಯ)

ಸಂಖ್ಯೆಗಳನ್ನು ಹಾಕಿ ನೋಡಿ. ಕಾಲ 11.3 ಸೆಕೆಂಡು, ಕೊನೆಯ ವೇಗ ಸೆಕೆಂಡಿಗೆ 53.2 ಮೀಟರ್, ಎಂದರೆ ಗಂಟೆಗೆ ಸುಮಾರು 192 ಕಿಲೋಮೀಟರ್. ಕೊನೆಯ ವೇಗವು ಸಾಮರ್ಥ್ಯ ಮತ್ತು ತೂಕದ ಅನುಪಾತದ ಘನಮೂಲವನ್ನು ಅನುಸರಿಸುತ್ತದೆ ಎಂಬುದನ್ನು ಮೋಟಾರು ಪತ್ರಿಕೆಗಳ ಲೇಖಕ ರೋಜರ್ ಹಂಟಿಂಗ್‌ಟನ್ ಬಹಳ ಹಿಂದೆಯೇ ಓಟಗಳ ಫಲಿತಾಂಶಗಳಿಂದ ಕಂಡುಕೊಂಡಿದ್ದರು. 1973ರಲ್ಲಿ ಜೆಫ್ರಿ ಫಾಕ್ಸ್ ‘ಅಮೆರಿಕನ್ ಜರ್ನಲ್ ಆಫ್ ಫಿಸಿಕ್ಸ್’ನಲ್ಲಿ ಡ್ರ್ಯಾಗ್ ರೇಸಿನ ಭೌತಶಾಸ್ತ್ರವನ್ನು ಚರ್ಚಿಸಿದರು.

ಘನಮೂಲ ಎಂಬುದು ಜಿಪುಣ ಸಂಬಂಧ. ಸಾಮರ್ಥ್ಯವನ್ನು ಶೇಕಡ 10ರಷ್ಟು ಹೆಚ್ಚಿಸಿದರೆ ಕಾಲ ಶೇಕಡ 3ರಷ್ಟು ಮಾತ್ರ ಇಳಿಯುತ್ತದೆ. ಲಕ್ಷಗಟ್ಟಲೆ ಖರ್ಚು ಮಾಡಿ ಎಂಜಿನ್ನಿನ ಬಲ ಹೆಚ್ಚಿಸುವವರು ಈ ಜಿಪುಣತನವನ್ನು ಮೊದಲೇ ತಿಳಿದಿದ್ದರೆ ಒಳ್ಳೆಯದು.

ಆದರೆ ಈ ಆದರ್ಶ ಕಾರಿನಲ್ಲಿ ಒಂದು ದೊಡ್ಡ ದೋಷವಿದೆ. ಸಾಮರ್ಥ್ಯ ಎಂದರೆ ಬಲ ಮತ್ತು ವೇಗಗಳ ಗುಣಲಬ್ಧ. ಹೊರಡುವ ಕ್ಷಣದಲ್ಲಿ ವೇಗ ಸೊನ್ನೆ. ಹಾಗಾದರೆ 200 ಕಿಲೋವಾಟ್ ಬಳಸಲು ಅನಂತ ಬಲ ಬೇಕು! ಅಂಥ ಬಲವನ್ನು ಯಾವ ಟೈರೂ ನೆಲಕ್ಕೆ ಕೊಡಲಾರದು. ಮೊದಲ ಕೆಲವು ಸೆಕೆಂಡುಗಳಲ್ಲಿ ಎಂಜಿನ್ ಎಷ್ಟೇ ದೊಡ್ಡದಿರಲಿ, ಕಾರಿನ ವೇಗೋತ್ಕರ್ಷವನ್ನು ನಿರ್ಧರಿಸುವುದು ಟೈರು ಮತ್ತು ನೆಲದ ನಡುವಿನ ಘರ್ಷಣೆ. ಪಠ್ಯಪುಸ್ತಕದ ‘ಏಕರೀತಿಯ ವೇಗೋತ್ಕರ್ಷ’ ಇರುವುದು ಇಲ್ಲೇ.

ಟೈರು ತಾಳುವಷ್ಟೇ ಬಲ

ಘರ್ಷಣಾಂಕವನ್ನು ಚಾಲಕ ಚಕ್ರಗಳ ಮೇಲಿನ ಭಾರದಿಂದ ಗುಣಿಸಿದರೆ ನೆಲದಿಂದ ದೊರೆಯುವ ಗರಿಷ್ಠ ಬಲ ತಿಳಿಯುತ್ತದೆ. ‘ಚಾಲಕ ಚಕ್ರ’ ಎಂಬ ಮಾತನ್ನು ಗಮನಿಸಿ. ಎಂಜಿನ್ ಮುಂದಿದ್ದು ಹಿಂದಿನ ಚಕ್ರಗಳು ತಿರುಗುವ ಕಾರಿನಲ್ಲಿ, ನಿಂತಾಗ ಹಿಂದಿನ ಚಕ್ರಗಳ ಮೇಲೆ ಇರುವುದು ತೂಕದ ಶೇಕಡ 45ರ ಆಸುಪಾಸು. ಕಾರು ಮುಂದಕ್ಕೆ ಚಿಮ್ಮಿದಾಗ ಈ ಪಾಲು ಬದಲಾಗುತ್ತದೆ. ನೆಲ ತಳ್ಳುವುದು ಟೈರಿನ ತಳದಲ್ಲಿ. ಕಾರಿನ ಗುರುತ್ವ ಕೇಂದ್ರ ಇರುವುದು ಅರ್ಧ ಮೀಟರಿಗಿಂತ ಮೇಲೆ. ಈ ಎತ್ತರದ ವ್ಯತ್ಯಾಸದಿಂದ ಕಾರು ಹಿಂದಕ್ಕೆ ವಾಲುವ ಪ್ರವೃತ್ತಿ ತೋರುತ್ತದೆ, ಹಿಂದಿನ ಟೈರುಗಳ ಮೇಲೆ ಭಾರ ಹೆಚ್ಚುತ್ತದೆ. ಬಸ್ಸು ಹೊರಟಾಗ ನಿಂತ ಪ್ರಯಾಣಿಕರ ಭಾರವೆಲ್ಲ ಹಿಮ್ಮಡಿಗೆ ಬರುವಂತೆ.

ನಮ್ಮ ಕಾರಿನ ಗುರುತ್ವ ಕೇಂದ್ರದ ಎತ್ತರ 0.55 ಮೀಟರ್, ಮುಂದಿನ ಹಿಂದಿನ ಅಚ್ಚುಗಳ ನಡುವಿನ ದೂರ 2.75 ಮೀಟರ್ ಎಂದುಕೊಂಡರೆ ಅನುಪಾತ 0.2. ಘರ್ಷಣಾಂಕ 1 ಇದ್ದರೆ (ಒಳ್ಳೆಯ ಟೈರು, ಒಣಗಿದ ಡಾಂಬರು) ಗರಿಷ್ಠ ವೇಗೋತ್ಕರ್ಷ ಗುರುತ್ವದ 0.56ರಷ್ಟು ಎಂದು ಲೆಕ್ಕ ಸಿಗುತ್ತದೆ. ಮೆತ್ತನೆಯ ರಬ್ಬರಿನ ಡ್ರ್ಯಾಗ್ ಟೈರು ಹಾಕಿ, ರಾಳದಂಥ ಅಂಟು ಸಿಂಪಡಿಸಿದ ಪಥದ ಮೇಲೆ ಘರ್ಷಣಾಂಕ 1.3ಕ್ಕೆ ಏರಿತು ಎನ್ನಿ. ಆಗ ವೇಗೋತ್ಕರ್ಷ ಗುರುತ್ವದ 0.79ರಷ್ಟಾಗುತ್ತದೆ. ಘರ್ಷಣಾಂಕ ಹೆಚ್ಚಿದ್ದು ಶೇಕಡ 30, ವೇಗೋತ್ಕರ್ಷ ಹೆಚ್ಚಿದ್ದು ಶೇಕಡ 40! ಹೆಚ್ಚಿನ ಹಿಡಿತ ಹೆಚ್ಚು ಭಾರವನ್ನು ಹಿಂದಕ್ಕೆ ತರುತ್ತದೆ, ಆ ಭಾರ ಮತ್ತಷ್ಟು ಹಿಡಿತ ಕೊಡುತ್ತದೆ. ಮುಂದಿನ ಚಕ್ರಗಳು ತಿರುಗುವ ಕಾರಿನಲ್ಲಿ ಇದು ತಿರುಗುಮುರುಗು. ಅದೇ ಅಳತೆಗಳ, ಮುಂದೆ ಶೇಕಡ 60 ಭಾರವಿರುವ ಕಾರಿನಲ್ಲಿ ಘರ್ಷಣಾಂಕ 1ರಿಂದ 1.3ಕ್ಕೆ ಏರಿದಾಗ ವೇಗೋತ್ಕರ್ಷ 0.5ರಿಂದ 0.62ಕ್ಕೆ ಮಾತ್ರ ಏರುತ್ತದೆ. ನಮ್ಮ ರಸ್ತೆಗಳ ಬಹುಪಾಲು ಕಾರುಗಳು ಈ ಜಾತಿಯವು. ಅವು ಚಿಮ್ಮುವಾಗ ಭಾರ ಬೇಡದ ಕಡೆಗೆ ಹೋಗುತ್ತದೆ.

ಈಗ ಮೂಲ ಲೆಕ್ಕಕ್ಕೆ ಬರೋಣ. ಹಿಡಿತದ ಮಿತಿಯಲ್ಲಿ ಹೊರಟ ಕಾರು, ಎಂಜಿನ್ನಿನ 200 ಕಿಲೋವಾಟ್ ಪೂರ್ತಿ ಬಳಕೆಯಾಗುವ ವೇಗ ಬರುವ ತನಕ ಏಕರೀತಿಯ ವೇಗೋತ್ಕರ್ಷದಿಂದಲೂ, ಅನಂತರ ಸ್ಥಿರ ಸಾಮರ್ಥ್ಯದಿಂದಲೂ ಓಡುತ್ತದೆ. ಘರ್ಷಣಾಂಕ 1 ಇರುವಾಗ ಮೊದಲ ಹಂತ 4.1 ಸೆಕೆಂಡು, 47 ಮೀಟರ್. ಇಡೀ ಓಟಕ್ಕೆ 13.1 ಸೆಕೆಂಡು, ಕೊನೆಯ ವೇಗ ಗಂಟೆಗೆ 189 ಕಿಲೋಮೀಟರ್. ಘರ್ಷಣಾಂಕ 1.3 ಇರುವಾಗ ಮೊದಲ ಹಂತ 2.1 ಸೆಕೆಂಡಿನಲ್ಲಿ 17 ಮೀಟರಿಗೇ ಮುಗಿಯುತ್ತದೆ. ಓಟಕ್ಕೆ 12.3 ಸೆಕೆಂಡು, ಕೊನೆಯ ವೇಗ ಗಂಟೆಗೆ 191 ಕಿಲೋಮೀಟರ್.

ಈ ಎರಡು ಸಾಲುಗಳನ್ನು ಮತ್ತೊಮ್ಮೆ ಓದಿ. ಟೈರಿನ ಹಿಡಿತದಿಂದ 0.8 ಸೆಕೆಂಡು ಉಳಿಯಿತು. ಕೊನೆಯ ವೇಗ ಮಾತ್ರ ಹೆಚ್ಚುಕಡಿಮೆ ಅಲ್ಲೇ ಇದೆ. ಹಳೆಯ ಟೈರಿನಲ್ಲೇ ಇಷ್ಟು ಕಾಲ ಉಳಿಸಬೇಕಾದರೆ ಎಷ್ಟು ಸಾಮರ್ಥ್ಯ ಬೇಕು? ನಾನು ಲೆಕ್ಕ ಹಾಕಿದಂತೆ ಸುಮಾರು 340 ಕಿಲೋವಾಟ್, ಅಂದರೆ ಎಂಜಿನ್ನಿನ ಸಾಮರ್ಥ್ಯದಲ್ಲಿ ಶೇಕಡ 70ರಷ್ಟು ಹೆಚ್ಚಳ. ಕೊನೆಯ ವೇಗ ಎಂಜಿನ್ನಿನ ಕಥೆ ಹೇಳಿದರೆ, ಓಟದ ಕಾಲ ಹೊರಟ ರೀತಿಯ ಕಥೆ ಹೇಳುತ್ತದೆ. ಅಲ್ಲಿನ ಪಥಗಳಲ್ಲಿ ಓಟ ಮುಗಿದ ಮೇಲೆ ಕೊಡುವ ಚೀಟಿಯಲ್ಲಿ ಮೊದಲ 60 ಅಡಿಗೆ, ಎಂದರೆ 18.3 ಮೀಟರಿಗೆ ತಗುಲಿದ ಕಾಲ ಬೇರೆಯಾಗಿ ಮುದ್ರಿತವಾಗಿರುತ್ತದೆ. ಅನುಭವಿಗಳು ಮೊದಲು ನೋಡುವುದು ಅದನ್ನು. 60 ಅಡಿಯಲ್ಲಿ ಉಳಿಸಿದ ಒಂದು ದಶಾಂಶ ಕೊನೆಗೆ ಎರಡಾಗುತ್ತದೆ ಎಂಬುದು ಅವರ ಗಾದೆ. ನಮ್ಮ ಲೆಕ್ಕದಲ್ಲಿ 60 ಅಡಿಗೆ 0.4 ಸೆಕೆಂಡು ಉಳಿದದ್ದು ಕೊನೆಗೆ 0.8 ಆಗಿದೆ. ಗಾದೆ ಸುಳ್ಳಲ್ಲ.

ಟರ್ಬೊ ತಡಮಾಡುವುದೇಕೆ?

ಇಷ್ಟರಲ್ಲಿ ಟರ್ಬೊ ಎಲ್ಲಿ ಬಂತು? ಮೊದಲ ಹಂತದಲ್ಲಿ ಟೈರಿನ ಮಿತಿಯ ಬಲವನ್ನು ಮೊದಲ ಕ್ಷಣದಿಂದಲೇ ಒದಗಿಸಬೇಕು. ಟರ್ಬೊ ಎಂಜಿನ್ ಎಡವುವುದು ಅಲ್ಲಿ.

ಸೈಲೆನ್ಸರಿಗೆ ಹೋಗುವ ಬಿಸಿ ಹೊಗೆಯಿಂದ ಒಂದು ಪುಟ್ಟ ಟರ್ಬೈನನ್ನು ತಿರುಗಿಸಿ, ಅದೇ ಅಚ್ಚಿನ ಇನ್ನೊಂದು ತುದಿಯ ಸಂಪೀಡಕದಿಂದ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವುದು ಟರ್ಬೊದ ಕೆಲಸ. ಗಾಳಿ ಹೆಚ್ಚಾದರೆ ಇಂಧನವನ್ನೂ ಹೆಚ್ಚು ಉರಿಸಬಹುದು. ಹೀಗೆ ವಾಯುಮಂಡಲದ ಒತ್ತಡಕ್ಕಿಂತ ಮೇಲೆ ಸಿಗುವ ಒತ್ತಡಕ್ಕೆ ಬೂಸ್ಟ್ ಎನ್ನುತ್ತಾರೆ. ಅಚ್ಚು ನಿಮಿಷಕ್ಕೆ ಲಕ್ಷ ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ. ಆ ವೇಗದಲ್ಲಿ ಅದರಲ್ಲಿ ಇರುವ ಶಕ್ತಿ ಕೆಲವು ಕಿಲೋಜೂಲ್ ಮಾತ್ರ. ನಮ್ಮ ಕಾರಿನ ಎಂಜಿನ್ ಪೂರ್ತಿ ಸಾಮರ್ಥ್ಯದಲ್ಲಿರುವಾಗ ಟರ್ಬೈನಿಗೆ ಹೊಗೆಯಿಂದ ಸಿಗುವುದು ಸುಮಾರು 20 ಕಿಲೋವಾಟ್. ಆ ದರದಲ್ಲಿ ಕೆಲವು ಕಿಲೋಜೂಲ್ ತುಂಬಲು ಸೆಕೆಂಡಿನ ಒಂದು ಭಾಗ ಸಾಕು. ಆದರೆ ಎಂಜಿನ್ ನಿಂತಲ್ಲೇ ಮೆಲ್ಲಗೆ ಗುನುಗುತ್ತಿರುವಾಗ ಹೊಗೆಯ ಪ್ರಮಾಣ ಅತ್ಯಲ್ಪ, ಟರ್ಬೈನಿಗೆ ಸಿಗುವುದು ಹೆಚ್ಚೆಂದರೆ ಕೆಲವು ಹತ್ತು ವಾಟ್. ಇದೊಂದು ವಿಷವೃತ್ತ: ಬೂಸ್ಟ್ ಬರಲು ಹೊಗೆ ಬೇಕು, ಹೊಗೆ ಬರಲು ಬೂಸ್ಟ್ ಬೇಕು. ಆಕ್ಸಿಲರೇಟರ್ ತುಳಿದ ಮೇಲೆ ಈ ವೃತ್ತ ಬಿಚ್ಚಿಕೊಳ್ಳಲು ಹಿಡಿಯುವ ಕಾಲವೇ ಟರ್ಬೊದ ಕುಖ್ಯಾತ ವಿಳಂಬ.

ಕ್ಲಚ್ ಒತ್ತಿ ಎಂಜಿನ್ನನ್ನು ಸುಮ್ಮನೆ ಜೋರಾಗಿ ಕೂಗಿಸಿದರೆ ಬೂಸ್ಟ್ ಬರುವುದಿಲ್ಲವೇ ಎಂದು ಕೇಳಬಹುದು. ಬರುವುದಿಲ್ಲ. ಹೊರೆಯಿಲ್ಲದ ಎಂಜಿನ್ನಿಗೆ ನಿಮಿಷಕ್ಕೆ 4,000 ಸುತ್ತು ತಿರುಗಲು ಒಂದು ಗುಟುಕು ಗಾಳಿ ಸಾಕು, ಹೊಗೆಯೂ ಅಷ್ಟೇ. ಆದ್ದರಿಂದ ಚಕ್ರಗಳು ತಿರುಗದ ಹಾಗೆ, ಆದರೂ ಎಂಜಿನ್ ಹೊರೆ ಹೊತ್ತಿರುವ ಹಾಗೆ ಏನಾದರೂ ಉಪಾಯ ಮಾಡಬೇಕು. ಸಿದ್ಧತೆಯ ಅರ್ಧ ಕೌಶಲ ಇದೇ.

ಒಂದು ಒಳ್ಳೆಯ ಉದಾಹರಣೆ ತೆಗೆದುಕೊಳ್ಳೋಣ. 1987ರಲ್ಲಿ ಜನರಲ್ ಮೋಟಾರ್ಸ್‌ನ ಬ್ಯೂಕ್ ವಿಭಾಗ ‘ಜಿಎನ್‌ಎಕ್ಸ್’ ಎಂಬ ಕಪ್ಪು ಕಾರನ್ನು ತಯಾರಿಸಿತು. ತಯಾರಾದದ್ದು 547 ಮಾತ್ರ. 3.8 ಲೀಟರಿನ ಆರು ಸಿಲಿಂಡರುಗಳ ಟರ್ಬೊ ಎಂಜಿನ್, ಹಿಂಚಕ್ರ ಚಾಲನೆ, ನಾಲ್ಕು ಗೇರುಗಳ ಆಟೊಮ್ಯಾಟಿಕ್. ಕಂಪನಿ ಹೇಳಿದ ಸಾಮರ್ಥ್ಯ 276 ಅಶ್ವಶಕ್ತಿ (206 ಕಿಲೋವಾಟ್). ಟಾರ್ಕ್ 488 ನ್ಯೂಟನ್-ಮೀಟರ್. ಅದರ ಟರ್ಬೈನ್ ಚಕ್ರವನ್ನು ಲೋಹದ ಬದಲು ಸಿರಾಮಿಕ್‌ನಿಂದ ಮಾಡಿದ್ದರು. ಹಗುರವಾದ ಚಕ್ರಕ್ಕೆ ತಿರುಗುವ ಜಡತ್ವ ಕಡಿಮೆ, ತುಂಬಬೇಕಾದ ಶಕ್ತಿಯೂ ಕಡಿಮೆ.

ಇಂಥ ಕಾರಿನಲ್ಲಿ ಚಾಲಕ ಎಡಗಾಲಿನಿಂದ ಬ್ರೇಕ್ ಒತ್ತಿ ಹಿಡಿದು ಬಲಗಾಲಿನಿಂದ ಆಕ್ಸಿಲರೇಟರ್ ತುಳಿಯುತ್ತಾನೆ. ಎಂಜಿನ್ ಮತ್ತು ಗೇರು ಪೆಟ್ಟಿಗೆಯ ನಡುವೆ ಇರುವ ಟಾರ್ಕ್ ಕನ್ವರ್ಟರ್‌ನಲ್ಲಿ ಎಣ್ಣೆ ಕಡೆಯುತ್ತದೆ. ಒಂದು ಬದಿ ತಿರುಗುತ್ತದೆ, ಇನ್ನೊಂದು ಬದಿ ನಿಂತಿದೆ. ಈಗ ಎಂಜಿನ್ ನಿಜವಾದ ಹೊರೆ ಹೊತ್ತಿದೆ, ಹೊಗೆ ಹೆಚ್ಚುತ್ತದೆ, ಬೂಸ್ಟ್ ಮೇಲೇರುತ್ತದೆ. ಆದರೆ ಆ ಶಕ್ತಿ ಎಲ್ಲಿ ಹೋಗುತ್ತದೆ? ಎಲ್ಲವೂ ಎಣ್ಣೆಯ ಬಿಸಿಯಾಗುತ್ತದೆ. ನಿಮಿಷಕ್ಕೆ 3,000 ಸುತ್ತು, 200 ನ್ಯೂಟನ್-ಮೀಟರ್ ಎಂದರೆ 63 ಕಿಲೋವಾಟ್. ಐದು ಸೆಕೆಂಡು ಹೀಗೆ ಹಿಡಿದರೆ 300 ಕಿಲೋಜೂಲಿಗೂ ಹೆಚ್ಚು. ಐದು ಕಿಲೋಗ್ರಾಂ ಎಣ್ಣೆಯ ಉಷ್ಣತೆ 30 ಡಿಗ್ರಿ ಏರಲು ಅಷ್ಟು ಸಾಕು. ಹತ್ತು-ಹದಿನೈದು ಸೆಕೆಂಡು ಹಿಡಿದು ನಿಂತರೆ ಗೇರು ಪೆಟ್ಟಿಗೆಯ ಆಯುಸ್ಸು ಎಣ್ಣೆಯ ಜೊತೆ ಬೆಂದುಹೋಗುತ್ತದೆ. ಇನ್ನೊಂದು ತೊಡಕು, ಬೂಸ್ಟ್ ಏರಿದಂತೆ ಎಂಜಿನ್ ಹಿಂದಿನ ಬ್ರೇಕನ್ನು ಮೀರಿ ಚಕ್ರಗಳನ್ನು ತಳ್ಳತೊಡಗುತ್ತದೆ. ರೇಸಿಗೆಂದೇ ಮಾಡಿದ ಕಾರುಗಳಲ್ಲಿ ಮೊದಲ ಗೇರನ್ನೂ ರಿವರ್ಸ್ ಗೇರನ್ನೂ ಒಟ್ಟಿಗೆ ಕಚ್ಚಿಸಿ ಪೆಟ್ಟಿಗೆಯನ್ನೇ ಬಿಗಿಯುವ ವ್ಯವಸ್ಥೆ ಇರುತ್ತದೆ. ರಸ್ತೆ ಕಾರಿಗೆ ಅದು ಅತಿಯಾಯಿತು.

ಎಷ್ಟು ಬೂಸ್ಟ್ ಬೇಕು? ಹೆಚ್ಚಿದಷ್ಟೂ ಒಳ್ಳೆಯದು ಎಂಬುದು ಹೊಸಬರ ನಂಬಿಕೆ. ಲೆಕ್ಕ ಬೇರೆ ಹೇಳುತ್ತದೆ. ಜಿಎನ್‌ಎಕ್ಸ್‌ನ ಮೊದಲ ಗೇರು 2.74, ಹಿಂದಿನ ಅಚ್ಚಿನ ಅನುಪಾತ 3.42, ಟೈರಿನ ತ್ರಿಜ್ಯ ಸುಮಾರು 0.32 ಮೀಟರ್. ದಾರಿಯಲ್ಲಿ ಶೇಕಡ 15 ನಷ್ಟವಾದರೂ ಪೂರ್ತಿ ಟಾರ್ಕಿನಲ್ಲಿ ಚಕ್ರದ ಅಂಚಿಗೆ ಬರುವ ಬಲ 12,000 ನ್ಯೂಟನ್. ನಮ್ಮ 1,600 ಕಿಲೋಗ್ರಾಂ ಕಾರಿನಲ್ಲಿ ಘರ್ಷಣಾಂಕ 1 ಇರುವಾಗ ಟೈರು ತಾಳುವುದು 8,800 ನ್ಯೂಟನ್ ಮಾತ್ರ. ಮಿಕ್ಕಿದ್ದೆಲ್ಲ ಹೊಗೆ ಮತ್ತು ಕಿರುಚಾಟ! ಬೂಸ್ಟ್ ಇಲ್ಲದಾಗ ಟಾರ್ಕ್ ಅರ್ಧದಷ್ಟಾಗಿ ಬಲ 6,000 ನ್ಯೂಟನ್ ಆಸುಪಾಸಿಗೆ ಇಳಿಯುತ್ತದೆ, ಅದು ಸಾಲದು. ಟಾರ್ಕ್ ಕನ್ವರ್ಟರ್ ಮೊದಲ ಗಳಿಗೆಯಲ್ಲಿ ಟಾರ್ಕನ್ನು ಇಮ್ಮಡಿಯಷ್ಟು ಮಾಡಿ ನೆರವಾಗುತ್ತದೆ. ಆದರೆ ಕಾರು ವೇಗ ಪಡೆದಂತೆ ಆ ನೆರವು ಕರಗಿಹೋಗುತ್ತದೆ, ಅಷ್ಟರಲ್ಲಿ ಬೂಸ್ಟ್ ಬಂದಿರಬೇಕು. ಆದ್ದರಿಂದ ಹೊರಡುವಾಗ ಗರಿಷ್ಠ ಬೂಸ್ಟಿನ ಮೂರನೇ ಒಂದು ಭಾಗವೋ ಅರ್ಧವೋ ಇಟ್ಟುಕೊಂಡು, ಕಾರು ಮುಂದೆ ಹೋದಂತೆ ಅದನ್ನು ಏರಿಸುವುದು ಬುದ್ಧಿವಂತರ ಕ್ರಮ. ಈಗಿನ ಇಲೆಕ್ಟ್ರಾನಿಕ್ ನಿಯಂತ್ರಕಗಳು ಗೇರಿಗೆ ತಕ್ಕಂತೆ, ಕಾಲಕ್ಕೆ ತಕ್ಕಂತೆ ಬೂಸ್ಟ್ ಕೊಡಬಲ್ಲವು.

ಕ್ಲಚ್ಚಿನ ಪಾಡು

ಕ್ಲಚ್ ಇರುವ ಕಾರಿನಲ್ಲಿ ಉಪಾಯ ಬೇರೆ. ಎರಡು ಹಂತದ ಸುತ್ತು-ಮಿತಿ ಎಂಬ ವ್ಯವಸ್ಥೆ ಇದೆ. ಕಾರು ನಿಂತಿರುವಾಗ ಚಾಲಕ ಆಕ್ಸಿಲರೇಟರನ್ನು ಪೂರ್ತಿ ತುಳಿದರೂ ಎಂಜಿನ್ ನಿಗದಿತ ಸುತ್ತನ್ನು, ಉದಾಹರಣೆಗೆ 4,500 ಅನ್ನು, ದಾಟದಂತೆ ನಿಯಂತ್ರಕವು ಕೆಲವು ಕಿಡಿಗಳನ್ನು ತಪ್ಪಿಸುತ್ತದೆ, ಉಳಿದವನ್ನು ತಡವಾಗಿ ಹೊತ್ತಿಸುತ್ತದೆ. ಗಾಳಿಯ ಬಾಗಿಲು ಪೂರ್ತಿ ತೆರೆದಿರುವುದರಿಂದ ಒಳಬರುವ ಗಾಳಿ ಹೆಚ್ಚು. ತಡವಾಗಿ ಹೊತ್ತಿದ ಇಂಧನ ಪಿಸ್ಟನ್ ತಳ್ಳುವ ಬದಲು ಹೊಗೆ ಕೊಳವೆಯಲ್ಲಿ ಉರಿದು ಟರ್ಬೈನನ್ನು ತಳ್ಳುತ್ತದೆ. ಆ ಪಟಪಟ ಸದ್ದು ಕೇಳಿ ಮೆಚ್ಚುವವರಿದ್ದಾರೆ. ಅದರ ಬೆಲೆ ತೆರುವುದು ಟರ್ಬೈನ್ ಮತ್ತು ಹೊಗೆ ಶುದ್ಧೀಕರಿಸುವ ವೇಗವರ್ಧಕ ಪೆಟ್ಟಿಗೆ. ಉರಿಯದ ಪೆಟ್ರೋಲು ಆ ಪೆಟ್ಟಿಗೆಯಲ್ಲಿ ಹೊತ್ತಿಕೊಂಡರೆ ಒಳಗಿನ ಜೇನುಗೂಡಿನಂಥ ರಚನೆ ಕರಗಿಹೋಗುತ್ತದೆ. ಎರಡು-ಮೂರು ಸೆಕೆಂಡಿಗಿಂತ ಹೆಚ್ಚು ಇದನ್ನು ಬಳಸಬಾರದು.

ಬಳಿಕ ಕ್ಲಚ್. 1992ರಲ್ಲಿ ಬಂದ ಮಿತ್ಸುಬಿಷಿ ಲ್ಯಾನ್ಸರ್ ಇವೊಲ್ಯೂಷನ್‌ನಂಥ ನಾಲ್ಕು ಚಕ್ರ ಚಾಲನೆಯ ಟರ್ಬೊ ಕಾರುಗಳಲ್ಲಿ ಇಡೀ ತೂಕ ಚಾಲಕ ಚಕ್ರಗಳ ಮೇಲೇ ಇರುತ್ತದೆ. ಟೈರು ಸುಲಭವಾಗಿ ಜಾರುವುದಿಲ್ಲ, ಜಾರಬೇಕಾದದ್ದು ಕ್ಲಚ್. ಎಂಜಿನ್ 4,500ರಲ್ಲೇ ನಿಂತು, ಕಾರು ಮೊದಲ ಗೇರಿನಲ್ಲಿ ಆ ಸುತ್ತಿಗೆ ಹೊಂದುವ ವೇಗಕ್ಕೆ, ಗಂಟೆಗೆ 50 ಕಿಲೋಮೀಟರಿಗೆ, ಬರುವ ತನಕ ಕ್ಲಚ್ ಜಾರಿತು ಎನ್ನಿ. ಕಾರು ಪಡೆದ ಚಲನಶಕ್ತಿ 154 ಕಿಲೋಜೂಲ್. ಕ್ಲಚ್ಚಿನಲ್ಲಿ ಬಿಸಿಯಾದದ್ದು? ಅದೂ 154 ಕಿಲೋಜೂಲ್. ಎಷ್ಟು ನಯವಾಗಿ ಬಿಟ್ಟರೂ ಈ ಸಮಪಾಲು ತಪ್ಪದು. ಸ್ಥಿರ ವಿಭವದ ಮೂಲದಿಂದ ರೋಧಕದ ಮೂಲಕ ಧಾರಕವನ್ನು ತುಂಬುವಾಗ ಅರ್ಧ ಶಕ್ತಿ ರೋಧಕದಲ್ಲಿ ಬಿಸಿಯಾಗುವುದನ್ನು ನೀವು ಪಾಠ ಮಾಡಿದ್ದರೆ, ಇದು ಅದರದೇ ಯಾಂತ್ರಿಕ ರೂಪ. ಕ್ಲಚ್ಚನ್ನು ಒಮ್ಮೆಲೇ ಬಿಟ್ಟರೆ ಬಿಸಿ ಕಡಿಮೆ, ಆದರೆ ಭಾರಚಕ್ರದಲ್ಲಿರುವ ಶಕ್ತಿ ಗೇರು ಹಲ್ಲುಗಳ ಮೇಲೂ ಅಚ್ಚಿನ ಮೇಲೂ ಸುತ್ತಿಗೆ ಏಟಿನಂತೆ ಬೀಳುತ್ತದೆ.

ಟೈರು, ಸ್ಪ್ರಿಂಗು, ಮಂಜುಗಡ್ಡೆ

ಟೈರಿನ ಘರ್ಷಣೆ ನಮ್ಮ ಮರದ ತುಂಡಿನ ಪ್ರಯೋಗದಷ್ಟು ಸರಳವಲ್ಲ. ರಬ್ಬರು ನೆಲದ ಕಣಗಳಿಗೆ ಅಂಟಿಕೊಳ್ಳುತ್ತದೆ. ಉಬ್ಬುತಗ್ಗುಗಳಲ್ಲಿ ಇಳಿದು ಹಿಂಡಿಸಿಕೊಳ್ಳುತ್ತದೆ. ಘರ್ಷಣಾಂಕ 1ನ್ನು ಮೀರುವುದು ಇದರಿಂದಲೇ. ಚಕ್ರದ ಅಂಚು ಕಾರಿಗಿಂತ ಶೇಕಡ 10ರಿಂದ 15ರಷ್ಟು ವೇಗವಾಗಿ ತಿರುಗುತ್ತಿರುವಾಗ ಹಿಡಿತ ಗರಿಷ್ಠ. ಅದನ್ನು ದಾಟಿದರೆ ಹಿಡಿತ ಇಳಿಯುತ್ತದೆ, ಚಕ್ರ ಇನ್ನೂ ಜೋರಾಗಿ ತಿರುಗುತ್ತದೆ, ಹಿಡಿತ ಮತ್ತೂ ಇಳಿಯುತ್ತದೆ. ಚಾಲಕ ಕಾಲು ಹಿಂದೆಗೆದರೆ ಟರ್ಬೊ ಒತ್ತಡ ಕುಸಿದು ಓಟವೇ ಹಾಳು. ಓಟಕ್ಕೆ ಮುನ್ನ ನಿಂತಲ್ಲೇ ಚಕ್ರ ತಿರುಗಿಸಿ ಹೊಗೆ ಎಬ್ಬಿಸುವುದು ಬರೀ ಪ್ರದರ್ಶನವಲ್ಲ. ಡ್ರ್ಯಾಗ್ ಟೈರಿನ ರಬ್ಬರು ಬಿಸಿಯಾದಾಗಲೇ ಜಿಗುಟಾಗುವುದು. ಅಂಥ ಟೈರಿನಲ್ಲಿ ಗಾಳಿಯನ್ನೂ ಕಡಿಮೆ ಇಡುತ್ತಾರೆ. ನೆಲಕ್ಕೆ ತಾಗುವ ಭಾಗ ಉದ್ದವಾಗುತ್ತದೆ, ಪಕ್ಕದ ಗೋಡೆ ತಿರುಚಿಕೊಂಡು ಮೊದಲ ಏಟನ್ನು ಮೆದುವಾಗಿಸುತ್ತದೆ.

ಸ್ಪ್ರಿಂಗುಗಳ ಬಗೆಗೆ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಮುಂಭಾಗ ಎಷ್ಟು ಎತ್ತರ ಎದ್ದರೆ ಅಷ್ಟು ಭಾರ ಹಿಂದಕ್ಕೆ ಹೋಗುತ್ತದೆ ಎಂದು ಅನೇಕರು ನಂಬಿದ್ದಾರೆ. ಭಾರ ಎಷ್ಟು ಹೋಗಬೇಕು ಎಂಬುದನ್ನು ನಿರ್ಧರಿಸುವುದು ವೇಗೋತ್ಕರ್ಷ, ಗುರುತ್ವ ಕೇಂದ್ರದ ಎತ್ತರ ಮತ್ತು ಅಚ್ಚುಗಳ ನಡುವಿನ ದೂರ. ಸ್ಪ್ರಿಂಗುಗಳೂ ಡ್ಯಾಂಪರುಗಳೂ ನಿರ್ಧರಿಸುವುದು ಅದು ಎಷ್ಟು ಬೇಗ ಹೋಗಬೇಕು ಎಂಬುದನ್ನು. ಎರಡು ಸೆಕೆಂಡಿನ ಆಟದಲ್ಲಿ ‘ಎಷ್ಟು ಬೇಗ’ ಎಂಬುದೂ ಮುಖ್ಯವೇ. ಜಿಎನ್‌ಎಕ್ಸ್‌ನಲ್ಲಿ ಹಿಂದಿನ ಅಚ್ಚಿಗೆ ಒಂದು ಉದ್ದನೆಯ ತೋಳನ್ನು ಜೋಡಿಸಿ, ಅಚ್ಚು ಹಿಂದಕ್ಕೆ ತಿರುಚಿಕೊಳ್ಳುವ ಪ್ರವೃತ್ತಿಯನ್ನೇ ಕಾರಿನ ಹಿಂಭಾಗ ಮೇಲೆತ್ತಲು ಬಳಸಿದ್ದರು. ದೇಹವನ್ನು ಮೇಲೆ ತಳ್ಳಿದ ಬಲದ ಪ್ರತಿಕ್ರಿಯೆ ಟೈರನ್ನು ಕೆಳಗೆ ಒತ್ತುತ್ತದೆ. ನ್ಯೂಟನ್ನನ ಮೂರನೆಯ ನಿಯಮಕ್ಕೆ ಇದಕ್ಕಿಂತ ಚೆಂದದ ಉದಾಹರಣೆ ತರಗತಿಗೆ ಬೇಕೆ?

ಇನ್ನು ಗಾಳಿಯ ಬಿಸಿ. 30 ಡಿಗ್ರಿ ಸೆಲ್ಸಿಯಸ್ ಗಾಳಿಯನ್ನು ಇಮ್ಮಡಿ ಒತ್ತಡಕ್ಕೆ ಸಂಪೀಡಿಸಿದರೆ, ಶೇಕಡ 70 ದಕ್ಷತೆಯ ಸಂಪೀಡಕದಲ್ಲಿ ಅದು 125 ಡಿಗ್ರಿಗೆ ಏರುತ್ತದೆ. ಒತ್ತಡ ಇಮ್ಮಡಿಯಾದರೂ ಸಾಂದ್ರತೆ ಒಂದೂವರೆ ಪಟ್ಟು ಮಾತ್ರ. ನಡುವೆ ಶೈತ್ಯಕವಿಟ್ಟು 50 ಡಿಗ್ರಿಗೆ ಇಳಿಸಿದರೆ ಸಾಂದ್ರತೆ 1.9 ಪಟ್ಟಾಗುತ್ತದೆ, ಇಂಧನ ಅಕಾಲದಲ್ಲಿ ಸಿಡಿದು ಪಿಸ್ಟನ್ ಒಡೆಯುವ ಅಪಾಯವೂ ತಗ್ಗುತ್ತದೆ. ಸಾಲಿನಲ್ಲಿ ಕಾಯುತ್ತ ನಿಂತ ಕಾರಿನ ಶೈತ್ಯಕಕ್ಕೆ ಗಾಳಿ ಬೀಸುವುದಿಲ್ಲ. ಅದರ ಮೇಲೆ ಮಂಜುಗಡ್ಡೆಯ ಚೀಲ ಇಟ್ಟುಕೊಂಡು ಕಾಯುವವರನ್ನು ನೋಡಿ ನಗಬೇಡಿ.

ಎತ್ತರದ ಊರುಗಳಲ್ಲಿ ಟರ್ಬೊ ತನ್ನ ಗುಣ ತೋರಿಸುತ್ತದೆ. ಅಮೆರಿಕದ ಡೆನ್ವರ್ ಬಳಿ 1958ರಿಂದ 2023ರವರೆಗೆ ಇದ್ದ ಬ್ಯಾಂಡಿಮಿಯರ್ ಪಥ ಸಮುದ್ರಮಟ್ಟದಿಂದ ಸುಮಾರು 1,770 ಮೀಟರ್ ಎತ್ತರದಲ್ಲಿತ್ತು. ಅಲ್ಲಿ ಸಾಮಾನ್ಯ ಎಂಜಿನ್ ಸುಮಾರು ಶೇಕಡ 18ರಷ್ಟು ಗಾಳಿ ಕಳೆದುಕೊಂಡರೆ, ಟರ್ಬೊ ಇನ್ನೂ ಜೋರಾಗಿ ತಿರುಗಿ ನಷ್ಟವನ್ನು ತುಂಬಿಕೊಳ್ಳುತ್ತಿತ್ತು. 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನಷ್ಟ ಶೇಕಡ 9ರಷ್ಟು. ಘನಮೂಲದ ನಿಯಮದಂತೆ ಟರ್ಬೊ ಇಲ್ಲದ ಕಾರಿಗೆ ಓಟದ ಕಾಲ ಶೇಕಡ 3 ಹೆಚ್ಚಬೇಕು. ಟರ್ಬೊ ಕಾರಿಗೆ ಕೊನೆಯ ವೇಗದಲ್ಲಿ ನಷ್ಟವಿಲ್ಲ, ಆದರೆ ಬೂಸ್ಟ್ ಬರುವ ಮುಂಚಿನ ವಿಳಂಬ ಹೆಚ್ಚು. ಆದ್ದರಿಂದ ಎತ್ತರದಲ್ಲಿ ಹೊರಡುವ ಕ್ರಮಕ್ಕೆ ಮತ್ತಷ್ಟು ಬೆಲೆ.

ರಸ್ತೆಯ ಮೇಲೆ ಏಕೆ ಬೇಡ

ಇಷ್ಟೆಲ್ಲ ಬರೆದ ಮೇಲೆ ಒಂದು ಮಾತನ್ನು ಲೆಕ್ಕದ ಮೂಲಕವೇ ಹೇಳಬೇಕು. ನಮ್ಮ ನಗರಗಳ ಹೊರವಲಯದ ಹೆದ್ದಾರಿಗಳಲ್ಲಿ ರಾತ್ರಿ ಹೊತ್ತು ಇದನ್ನು ಮಾಡುವ ಹುಡುಗರಿದ್ದಾರೆ. ನಿಮ್ಮ ತರಗತಿಯಲ್ಲೂ ಇರಬಹುದು. ಗಂಟೆಗೆ 190 ಕಿಲೋಮೀಟರಿನಿಂದ, ಘರ್ಷಣಾಂಕ 0.8 ಇರುವ ಒಣ ರಸ್ತೆಯಲ್ಲಿ ನಿಲ್ಲಲು 178 ಮೀಟರ್ ಬೇಕು. ಬ್ರೇಕ್ ಒತ್ತುವ ಮೊದಲಿನ ಒಂದು ಸೆಕೆಂಡಿಗೆ ಇನ್ನೂ 53 ಮೀಟರ್. ರಸ್ತೆಯ ಅಂಚಿನಿಂದ ಹಾರಿ ಬಂದ ಮರಳು ಘರ್ಷಣಾಂಕವನ್ನು 0.5ಕ್ಕೆ ಇಳಿಸಿದರೆ ನಿಲ್ಲುವ ದೂರ 285 ಮೀಟರ್. ಕಾರಿನ ದೀಪ ಅಷ್ಟು ದೂರ ತೋರಿಸುವುದಿಲ್ಲ. ಚಿಮ್ಮಲು ಮಾಡಿದ ಸಿದ್ಧತೆಯೇ ಇಲ್ಲಿ ಶತ್ರು: ಗಾಳಿ ಇಳಿಸಿದ ಟೈರು ತಿರುವಿನಲ್ಲಿ ಓಲಾಡುತ್ತದೆ, ಗೆರೆಗಳು ಕಡಿಮೆಯಿರುವ ಡ್ರ್ಯಾಗ್ ಟೈರು ಮಳೆಯಲ್ಲಿ ನೀರಿನ ಮೇಲೆ ತೇಲುತ್ತದೆ, ಮೆತ್ತಗಾದ ಮುಂಭಾಗ ಬ್ರೇಕ್ ಹಾಕಿದಾಗ ನೆಲಕ್ಕೆ ಬಾಗುತ್ತದೆ. ಪಥದಲ್ಲಿ ಗೆರೆ ದಾಟಿದ ಮೇಲೂ ನಿಲ್ಲಲು ನೂರಾರು ಮೀಟರ್ ಖಾಲಿ ಜಾಗವಿರುತ್ತದೆ. 13.99 ಸೆಕೆಂಡು ಅಥವಾ ಅದಕ್ಕಿಂತ ಬೇಗ ಓಡುವ ಕಾರಿನ ಚಾಲಕನಿಗೆ ಅಮೆರಿಕದ ಸಂಘದ ನಿಯಮದಂತೆ ಹೆಲ್ಮೆಟ್ ಕಡ್ಡಾಯ. ಅಷ್ಟೆಲ್ಲ ಇದ್ದೂ 2008ರಲ್ಲಿ ನ್ಯೂಜೆರ್ಸಿಯ ಪಥದಲ್ಲಿ ಸ್ಕಾಟ್ ಕಲಿಟ್ಟಾ ಎಂಬ ಅನುಭವಿ ಚಾಲಕ ಗೆರೆಯಾಚೆ ನಿಲ್ಲಲಾಗದೆ ಮಡಿದಾಗ, ಅತಿವೇಗದ ವರ್ಗಗಳ ಓಟವನ್ನು 1,000 ಅಡಿಗೆ ಮೊಟಕುಗೊಳಿಸಿದರು. ನಮ್ಮಲ್ಲೂ ಮೋಟಾರು ಕ್ರೀಡಾ ಒಕ್ಕೂಟದ ಮಾನ್ಯತೆಯ ಡ್ರ್ಯಾಗ್ ಸ್ಪರ್ಧೆಗಳು ನಡೆಯುತ್ತವೆ. ಆಸಕ್ತಿಯಿರುವವರನ್ನು ಅತ್ತ ಕಳುಹಿಸಿ.

ತರಗತಿಗೆ ಒಂದು ಲೆಕ್ಕ

ಓಟದ ಚೀಟಿಯಲ್ಲಿ ಅರ್ಧ ದೂರದ (201.2 ಮೀಟರ್) ಮತ್ತು ಪೂರ್ತಿ ದೂರದ ವೇಗಗಳು ಇರುತ್ತವೆ. ಸ್ಥಿರ ಸಾಮರ್ಥ್ಯದ ಹಂತದಲ್ಲಿ ವೇಗದ ಘನವು ದೂರದೊಂದಿಗೆ ಸರಳರೇಖೆಯಲ್ಲಿ ಏರುತ್ತದೆ; ರೇಖೆಯ ಇಳಿಜಾರು ಸಾಮರ್ಥ್ಯದ ಮೂರು ಪಟ್ಟನ್ನು ರಾಶಿಯಿಂದ ಭಾಗಿಸಿದಷ್ಟು. ನಮ್ಮ ಕಾರಿಗೆ (ಘರ್ಷಣಾಂಕ 1) ಅರ್ಧ ದೂರದಲ್ಲಿ ಸೆಕೆಂಡಿಗೆ 41.1 ಮೀಟರ್, ಕೊನೆಗೆ 52.5 ಮೀಟರ್. ಘನಗಳ ವ್ಯತ್ಯಾಸವನ್ನು 201.2ರಿಂದ ಭಾಗಿಸಿ, ಮತ್ತೆ 3ರಿಂದ ಭಾಗಿಸಿ. ಕಿಲೋಗ್ರಾಂಗೆ 125 ವಾಟ್ ಸಿಗಬೇಕು. 1,600ರಿಂದ ಗುಣಿಸಿದರೆ 200 ಕಿಲೋವಾಟ್. ಕಾರಿನ ಬಾನೆಟ್ ತೆರೆಯದೆ ಎಂಜಿನ್ನನ್ನು ಅಳೆದಂತಾಯಿತು.

ನಿಜವಾದ ಕಾರಿನಲ್ಲಿ ಗಾಳಿಯ ತಡೆಯನ್ನು ಬಿಡುವಂತಿಲ್ಲ. ಸೆಕೆಂಡಿಗೆ 50 ಮೀಟರ್ ವೇಗದಲ್ಲಿ ಅದು ಸುಮಾರು 60 ಕಿಲೋವಾಟ್ ನುಂಗುತ್ತದೆ. ಕೊನೆಯ ವೇಗ ಶೇಕಡ 6ರಷ್ಟು ಇಳಿಯುತ್ತದೆ, ಕಾಲ ಎರಡು-ಮೂರು ದಶಾಂಶ ಹೆಚ್ಚುತ್ತದೆ. ಈ ತಡೆಯ ಸಾಮರ್ಥ್ಯವೂ ವೇಗದ ಘನಕ್ಕೆ ಅನುಪಾತೀಯವಾದ್ದರಿಂದ ಸಮೀಕರಣವನ್ನು ಕಾಗದದ ಮೇಲೆಯೇ ಬಿಡಿಸಬಹುದು. ಸರಳರೇಖೆಯ ಬದಲು, ಧಾರಕ ತುಂಬುವಾಗ ಬರುವಂಥ ಬಾಗಿದ ರೇಖೆ ಸಿಗುತ್ತದೆ. ಪದವಿ ತರಗತಿಯ ವಿದ್ಯಾರ್ಥಿಗಳಿಗೆ ಅದನ್ನು ಬಿಟ್ಟುಕೊಡಿ. ಹೊರಡುವ ಹಂತದ ಲೆಕ್ಕ ಪಿಯುಸಿಯವರಿಗೂ ಸಾಧ್ಯ.